ಬೆನ್ನು ನೋಡಿ ಸಾರ್: ಸರ್ವ್ ಸವಿಯುವವರಿಗೊಂದು ಕೈಪಿಡಿ

ಟೆನಿಸ್ ಪಂದ್ಯಕ್ಕೆ ಬಂದು ವೇಗದ ಬೋರ್ಡನ್ನು ನೋಡಿಕೊಂಡು ಹೋಗುವವರ ಸಂತತಿ ಬೆಳೆಯುತ್ತಲೇ ಇದೆ. ಆಟಗಾರ ಸರ್ವ್ ಹೊಡೆದದ್ದೇ ತಡ, ಚೆಂಡು ಆಚೆ ಬೀಳುವ ಮೊದಲೇ ಇವರ ಕತ್ತು ಬೋರ್ಡಿನತ್ತ ಹೊರಳಿರುತ್ತದೆ. 210 ಅಂತ ಮೂಡಿದರೆ ಸಿಳ್ಳೆ, 165 ಅಂತ ಮೂಡಿದರೆ ಮತ್ತೆ ಮೊಬೈಲು. ಆ 165ರ ಸರ್ವ್ ಪುಟಿದು ಎದುರಾಳಿಯನ್ನು ಕೋರ್ಟಿನಿಂದಲೇ ಆಚೆ ಎಳೆದೊಯ್ದದ್ದು ಇವರ ಕಣ್ಣಿಗೆ ಬೀಳುವುದೇ ಇಲ್ಲ. ಬೋರ್ಡು ತೋರಿಸುವುದು ಚೆಂಡು ರ್‍ಯಾಕೆಟ್ ಬಿಟ್ಟ ಕ್ಷಣದ ವೇಗ. ಗಾಳಿಯ ತಡೆ, ನೆಲದ ತಿಕ್ಕಾಟ ಎರಡನ್ನೂ ದಾಟಿ ಎದುರಾಳಿಯ ಬಳಿ ಬರುವಾಗ ಅದರಲ್ಲಿ ಹೆಚ್ಚುಕಡಿಮೆ ಅರ್ಧ ಮಾತ್ರ ಉಳಿದಿರುತ್ತದೆ. ವೇಗದ ಭಕ್ತರೆಲ್ಲ ಜಪಿಸುವ ಅಂಕಿ 263. ಆಸ್ಟ್ರೇಲಿಯಾದ ಸ್ಯಾಮ್ ಗ್ರೋತ್ 2012ರಲ್ಲಿ ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಗಂಟೆಗೆ 263 ಕಿ.ಮೀ. ವೇಗದಲ್ಲಿ ಸರ್ವ್ ಹೊಡೆದ. ಆ ಪಂದ್ಯವನ್ನು ಸೋತ.

ಅಂಕ ಎಣಿಸುವುದು ಹೇಗೆ, ಲೆಟ್ ಅಂದರೇನು, ಕಾಂಟಿನೆಂಟಲ್ ಹಿಡಿತ ಯಾವುದು ಎಂಬುದನ್ನೆಲ್ಲ ನಾನಿಲ್ಲಿ ಹೇಳುವುದಿಲ್ಲ. ಪಕ್ಕದಲ್ಲಿ ಕೂತ ಯಾವ ಹುಡುಗನನ್ನು ಕೇಳಿದರೂ ಹೇಳುತ್ತಾನೆ. ನನಗೆ ಹೇಳಬೇಕಿರುವುದು ಒಂದೇ. ಸರ್ವ್‌ನ ಬಲ ತೋಳಿನಿಂದ ಹುಟ್ಟುವುದಿಲ್ಲ. ಮೈ ತಿರುಚಿಕೊಂಡು ಬಿಚ್ಚಿಕೊಳ್ಳುವುದರಿಂದ ಹುಟ್ಟುತ್ತದೆ. ತೋಳು ಆ ಬಲವನ್ನು ಚೆಂಡಿಗೆ ತಲುಪಿಸುತ್ತದೆ, ಅಷ್ಟೆ.

ಇದು ನನಗೆ ಹೊಳೆದದ್ದು 2008ರ ಮಾರ್ಚ್‌ನಲ್ಲಿ, ಬೆಂಗಳೂರಿನ ಕಬ್ಬನ್ ಪಾರ್ಕಿನ ಕೆಎಸ್‌ಎಲ್‌ಟಿಎ ಕ್ರೀಡಾಂಗಣದಲ್ಲಿ. ಬೆಂಗಳೂರು ಓಪನ್ ಸೆಮಿಫೈನಲ್, ಸೆರೆನಾ ಮತ್ತು ವೀನಸ್. ಅಕ್ಕ ತಂಗಿಯರ ಪಂದ್ಯ ಮೂರನೇ ಸೆಟ್‌ನ ಟೈಬ್ರೇಕ್‌ವರೆಗೂ ಎಳೆಯಿತು. ನಾನೂ ಎಲ್ಲರಂತೆ ಚೆಂಡಿನ ಹಿಂದೆ ಅತ್ತಿಂದಿತ್ತ ಕತ್ತು ಹೊರಳಿಸುತ್ತ ಕೂತಿದ್ದೆ. ಪಕ್ಕದ ಕುರ್ಚಿಯಲ್ಲಿ ಮಕ್ಕಳಿಗೆ ಟೆನಿಸ್ ಕಲಿಸಿ ತಲೆ ನೆರೆತ ಹಿರಿಯರೊಬ್ಬರಿದ್ದರು. ಎರಡನೇ ಸೆಟ್ ನಡುವೆ ಅವರಿಗೆ ಸಹನೆ ಮೀರಿತು. "ಸಾರ್, ಚೆಂಡಿನ ಹಿಂದೆ ಓಡೋದಕ್ಕೆ ಅಲ್ಲಿ ವೀನಸ್ ಇದ್ದಾಳಲ್ಲ. ನೀವು ಸೆರೆನಾ ಬೆನ್ನು ನೋಡಿ" ಅಂದರು. ನೋಡಿದೆ. ಚೆಂಡು ಮೇಲೇರುವ ಹೊತ್ತಿಗೆ ಭುಜಗಳು ಎಷ್ಟು ಹಿಂದಕ್ಕೆ ತಿರುಗಿದ್ದವೆಂದರೆ ಬೆನ್ನಿನ ಬಹುಭಾಗ ನೆಟ್ ಕಡೆಗಿತ್ತು. ಎಡಗೈ ಇನ್ನೂ ಆಕಾಶಕ್ಕೇ ಚಾಚಿತ್ತು. ಅಷ್ಟರಲ್ಲಿ ಸೊಂಟ ಆಗಲೇ ಮುಂದಕ್ಕೆ ಹೊರಟುಬಿಟ್ಟಿತ್ತು! ಭುಜ ಹಿಂದೆ, ಸೊಂಟ ಮುಂದೆ. ಒಂದೇ ಮೈಯಲ್ಲಿ ಎರಡು ದಿಕ್ಕು. ಸೆರೆನಾ ಆ ಪಂದ್ಯ ಗೆದ್ದಳು, ಫೈನಲ್‌ನಲ್ಲಿ ಪ್ಯಾಟಿ ಶ್ನೈಡರ್‌ಳನ್ನೂ ಸೋಲಿಸಿದಳು. ನಾನು ಆಮೇಲೆ ನೋಡಿದ್ದೆಲ್ಲ ಬೆನ್ನನ್ನೇ.

ಆ ಎರಡು ದಿಕ್ಕಿನ ಕ್ಷಣವೇ ಸರ್ವ್‌ನ ಜೀವ. ಬಲಗೈ ಆಟಗಾರನನ್ನು ತೆಗೆದುಕೊಳ್ಳಿ. ನೆಟ್‌ಗೆ ಪಕ್ಕೆಯೊಡ್ಡಿ ನಿಲ್ಲುತ್ತಾನೆ. ಟಾಸ್ ಮಾಡುತ್ತ ಭುಜಗಳನ್ನು ಇನ್ನಷ್ಟು ಹಿಂದಕ್ಕೆ ಸುತ್ತುತ್ತಾನೆ. ಸೊಂಟವೂ ತಿರುಗುತ್ತದೆ, ಆದರೆ ಭುಜದಷ್ಟಲ್ಲ. ಮಂಡಿ ಮಡಿಯುತ್ತದೆ, ಸೊಂಟ ಬೇಸ್‌ಲೈನ್ ಮೀರಿ ಮುಂದಕ್ಕೆ ಚಾಚುತ್ತದೆ. ಆಮೇಲೆ ಕಾಲುಗಳು ನೆಲವನ್ನು ಒದೆಯುತ್ತವೆ, ಸೊಂಟ ತಿರುಗಲು ಶುರುವಾಗುತ್ತದೆ. ಭುಜ ಮಾತ್ರ ಒಂದು ಗಳಿಗೆ ಹಿಂದೆಯೇ ಉಳಿಯುತ್ತದೆ. ಹೊಟ್ಟೆಯ ಪಕ್ಕದ ಸ್ನಾಯುಗಳು ಓರೆಯಾಗಿ ಸೆಳೆದುಕೊಳ್ಳುವುದು ಆಗಲೇ. ಕ್ರೀಡಾ ವಿಜ್ಞಾನಿಗಳ ಲೆಕ್ಕದಲ್ಲಿ ಸರ್ವ್‌ನ ಶಕ್ತಿಯ ಅರ್ಧಕ್ಕೂ ಹೆಚ್ಚು ಪಾಲು ಹುಟ್ಟುವುದು ಕಾಲು, ಸೊಂಟ, ಮುಂಡದಲ್ಲಿ. ಭಾನುವಾರ ಬೆಳಿಗ್ಗೆ ಕ್ಲಬ್ಬಿನಲ್ಲಿ ಎದೆಯನ್ನು ನೆಟ್‌ಗೆ ಒಡ್ಡಿ ನಿಂತು, ಬರೀ ತೋಳು ಬೀಸಿ, ಸೋಮವಾರ ಭುಜಕ್ಕೆ ಮುಲಾಮು ಹಚ್ಚಿಕೊಳ್ಳುವವರು ಈ ಅರ್ಧವನ್ನು ಮನೆಯಲ್ಲೇ ಬಿಟ್ಟು ಬಂದವರು.

ಆದರೆ ತಿರುಗುವುದನ್ನಷ್ಟೇ ನೋಡಿದರೆ ಸಾಲದು, ನಿಲ್ಲುವುದನ್ನೂ ನೋಡಬೇಕು. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಚಾಟಿ ಬೀಸುವವನು ಹಿಡಿಯನ್ನು ಗಕ್ಕನೆ ನಿಲ್ಲಿಸಿದಾಗಲೇ ತುದಿ ಸಿಡಿಯುವುದು. ಮೈಯಲ್ಲೂ ಹಾಗೆಯೇ. ಸೊಂಟ ತಿರುಗಿ ನಿಧಾನಿಸುತ್ತದೆ, ಅದರ ವೇಗ ಮುಂಡಕ್ಕೆ ದಾಟುತ್ತದೆ. ಮುಂಡ ನಿಧಾನಿಸುತ್ತದೆ, ವೇಗ ತೋಳಿಗೆ ದಾಟುತ್ತದೆ. ತೋಳು ಭುಜದ ಕೀಲಿನಲ್ಲಿ ಒಳಕ್ಕೆ ಹೊರಳುತ್ತದೆ, ಮುಂಗೈ ಮಗುಚುತ್ತದೆ, ರ್‍ಯಾಕೆಟ್ ಹಾರುತ್ತದೆ. ಮುಂಡವನ್ನು ತಡೆದು ನಿಲ್ಲಿಸುವ ಕೆಲಸದಲ್ಲಿ ದೊಡ್ಡ ಪಾಲು ಟಾಸ್ ಮಾಡಿದ ಕೈಯದು. ಒಳ್ಳೆಯ ಸರ್ವರ್‌ನ ಎಡಗೈ ಆಕಾಶದಿಂದ ಇಳಿದು ಎಲ್ಲೆಲ್ಲೋ ಹಾರಾಡುವುದಿಲ್ಲ. ಹೊಟ್ಟೆಗೆ ಬಂದು ಮಡಚಿಕೊಳ್ಳುತ್ತದೆ. ಮುಂದಿನ ಪಂದ್ಯದಲ್ಲಿ ಒಂದು ಗೇಮ್ ಪೂರ್ತಿ ಈ ಎಡಗೈಯನ್ನೊಂದೇ ನೋಡಿ. ಸುಸ್ತಾದ ಆಟಗಾರನ ಎಡಗೈ ಬೇಗ ಬೀಳತೊಡಗುತ್ತದೆ. ಅದು ಬಿದ್ದರೆ ಎಡ ಭುಜ ಬೀಳುತ್ತದೆ, ಎದೆ ಬೇಗ ತೆರೆಯುತ್ತದೆ, ಚೆಂಡು ನೆಟ್‌ಗೆ ಹೋಗುತ್ತದೆ. ಡಬಲ್ ಫಾಲ್ಟ್ ಆದ ಮೇಲೆ 'ಛೇ' ಅನ್ನುವುದು ಎಲ್ಲರಿಗೂ ಬರುತ್ತದೆ. ಎರಡು ಗೇಮ್ ಮೊದಲೇ 'ಎಡಗೈ ಇಳಿಯಿತು' ಅನ್ನಬಲ್ಲವನು ರಸಿಕ.

ತಿರುಗುವುದು ಅಂದಕೂಡಲೇ ಗಿರಕಿ ಹೊಡೆಯುವುದು ಅಂದುಕೊಳ್ಳುವ ತಪ್ಪು ಬೇರೆ ಇದೆ. ಮೈ ಕಂಬದ ಸುತ್ತ ಸುತ್ತಿದ ಹಾಗೆ ಬರೀ ಅಡ್ಡಡ್ಡ ತಿರುಗಿದರೆ ಚೆಂಡು ಮೇಲೇಳುವುದಿಲ್ಲ. ರ್‍ಯಾಕೆಟ್ ಹಿಂದಕ್ಕೆ ಹೋಗಿ ಕಾಲು ಮಡಿದ ಭಂಗಿಯಲ್ಲಿ ಎಡ ಭುಜ ಮೇಲೆ, ಬಲ ಭುಜ ಕೆಳಗೆ ಇರುತ್ತದೆ. ಚೆಂಡಿಗೆ ಹೊಡೆಯುವ ಕ್ಷಣ ಬಲ ಭುಜ ಮೇಲೆ, ಎಡ ಭುಜ ಕೆಳಗೆ. ಅಂದರೆ ಭುಜದ ಮೇಲೆ ಭುಜ ಉರುಳಿದೆ. ಅಡ್ಡ ತಿರುವು, ಈ ಉರುಳು, ಜೊತೆಗೆ ಮುಂದಕ್ಕೆ ಬಾಗುವುದು, ಮೂರೂ ಒಂದರೊಳಗೊಂದು ಸೇರಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತವೆ. ಬರಿಗಣ್ಣಿಗೆ ಮೂರನ್ನೂ ಬಿಡಿಸುವುದು ಕಷ್ಟ. ಮೊದಲ ಭಂಗಿಯ ಭುಜಗಳನ್ನೂ ಹೊಡೆತದ ಭುಜಗಳನ್ನೂ ನೆನಪಿಟ್ಟುಕೊಂಡು ಹೋಲಿಸಿ, ಸಾಕು. ಸಾಮಾನ್ಯವಾಗಿ ಎರಡನೇ ಸರ್ವ್‌ಗೆ ಬಳಸುವ, ಎತ್ತರಕ್ಕೆ ಪುಟಿಯುವ ಕಿಕ್ ಸರ್ವ್‌ನಲ್ಲಿ ಎದೆ ಇನ್ನಷ್ಟು ಹೊತ್ತು ಪಕ್ಕಕ್ಕೇ ಉಳಿದು ಉರುಳು ಹೆಚ್ಚಾಗುತ್ತದೆ. ಎರಡನೇ ಸರ್ವ್ ಬಂತೆಂದು ಕಾಫಿಗೆ ಏಳುವವರು ಮೈ ಅತಿ ಚೆಲುವಾಗಿ ಕೆಲಸ ಮಾಡುವ ಹೊಡೆತವನ್ನೇ ಕಳೆದುಕೊಳ್ಳುತ್ತಾರೆ.

ಹಳೆಯ ಪಂದ್ಯಗಳಲ್ಲಿ ಮೊದಲು ಜಾನ್ ಮೆಕೆನ್ರೊ ನೋಡಿ. ಎಡಗೈ ಆಟಗಾರ. ಎರಡೂ ಪಾದಗಳನ್ನು ಬೇಸ್‌ಲೈನ್ ಉದ್ದಕ್ಕೆ ಇಟ್ಟು, ಎದುರಾಳಿಗೆ ಹೆಚ್ಚುಕಡಿಮೆ ಬೆನ್ನು ಹಾಕಿ ನಿಲ್ಲುತ್ತಿದ್ದ. ಜನ ಅದನ್ನು ಆತನ ಜಗಳಗಂಟತನದ ಇನ್ನೊಂದು ಮುಖ ಎಂಬಂತೆ ನೋಡಿ ನಕ್ಕರು. ಆತ ಅಂಪೈರ್ ಮೇಲೆ ಕೂಗಾಡಿದ್ದು ಎಲ್ಲರಿಗೂ ನೆನಪಿದೆ, ಬೆನ್ನು ತಿರುಗಿಸಿದ್ದು ಯಾರಿಗೂ ನೆನಪಿಲ್ಲ! ತಿರುವಿಗೆ ಅಷ್ಟು ದೂರ ಕೊಟ್ಟ ಮನುಷ್ಯ 1984ರ ವಿಂಬಲ್ಡನ್ ಫೈನಲ್‌ನಲ್ಲಿ ಜಿಮ್ಮಿ ಕಾನರ್ಸ್‌ನನ್ನು 6-1, 6-1, 6-2ರಿಂದ ಸೋಲಿಸಿದ. ಎದುರಿಗಿದ್ದವನು ಸರ್ವ್ ಹಿಂತಿರುಗಿಸುವುದರಲ್ಲಿ ತನ್ನ ಕಾಲದ ಶ್ರೇಷ್ಠ ಎಂಬುದನ್ನು ಮರೆಯಬೇಡಿ.

ಇನ್ನೂ ಹಿಂದೆ ಹೋಗುವ ಉತ್ಸಾಹವಿದ್ದರೆ ಪಾಂಚೊ ಗೊನ್ಸಾಲೆಸ್‌ನ ಕಪ್ಪುಬಿಳುಪು ತುಣುಕು ಹುಡುಕಿ. 1950ರ ದಶಕದಲ್ಲಿ ಸರ್ವ್ ಮಾಡುವಾಗ ಚೆಂಡಿಗೆ ಹೊಡೆಯುವವರೆಗೂ ಒಂದು ಕಾಲು ನೆಲ ಬಿಡುವಂತಿರಲಿಲ್ಲ. ಇವತ್ತಿನವರ ಹಾಗೆ ಕಾಲೊದ್ದು ಗಾಳಿಗೇಳಲು ನಿಯಮದಲ್ಲೇ ಅವಕಾಶವಿಲ್ಲ, ಕೈಯಲ್ಲಿ ಮರದ ರ್‍ಯಾಕೆಟ್. ಆದರೂ ಆತನ ಸರ್ವ್‌ಗೆ ಜನ ಹೆದರುತ್ತಿದ್ದರು. ಜಿಗಿತವೇ ಎಲ್ಲ, ಗ್ರಾಫೈಟ್ ರ್‍ಯಾಕೆಟ್ಟೇ ಎಲ್ಲ ಅನ್ನುವವರು ಇದಕ್ಕೆ ಏನು ಹೇಳುತ್ತಾರೋ.

ಪೀಟ್ ಸಾಂಪ್ರಾಸ್ ಬಗ್ಗೆ ಬರೆಯಲು ಹೊರಟರೆ ಈ ಬರಹ ಮುಗಿಯುವುದಿಲ್ಲ. ಮುಂಗಾಲಿನ ಬೆರಳುಗಳನ್ನು ಸ್ವಲ್ಪ ಎತ್ತಿ, ಅವಸರವಿಲ್ಲದೆ ಶುರುಮಾಡಿ, ಭುಜ ಸುತ್ತಿ, ಇದ್ದಕ್ಕಿದ್ದ ಹಾಗೆ ಬಿಚ್ಚುತ್ತಿದ್ದ. ಟಾಸ್ ನೋಡಿ ಚೆಂಡು ಎತ್ತ ಬರುತ್ತದೆಂದು ಹೇಳುವುದು ಯಾರಿಂದಲೂ ಆಗಲಿಲ್ಲ. ಬಾಲ್ಯದ ಕೋಚ್ ಪೀಟ್ ಫಿಶರ್, ಹುಡುಗ ಚೆಂಡು ಮೇಲೆಸೆದ ಮೇಲಷ್ಟೇ ಎತ್ತ ಹೊಡೆಯಬೇಕೆಂದು ಕೂಗಿ ಹೇಳಿ ಅಭ್ಯಾಸ ಮಾಡಿಸುತ್ತಿದ್ದನಂತೆ. ಸಾಂಪ್ರಾಸ್‌ನ ಏಳು ವಿಂಬಲ್ಡನ್‌ಗಳನ್ನು 'ಏಸ್ ಹೊಡೆದೂ ಹೊಡೆದೂ ಬೇಜಾರು ಮಾಡಿದ' ಎಂದು ಬೈದ ಪೀಳಿಗೆಯೇ ಈಗ ಬೇಸ್‌ಲೈನಿನಲ್ಲಿ ಮೂವತ್ತು ಹೊಡೆತ ಅತ್ತಿಂದಿತ್ತ ಹೋದರೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತದೆ. ಇರಲಿ.

ನಮ್ಮವರಲ್ಲಿ ಕೊಡಗಿನ ರೋಹನ್ ಬೋಪಣ್ಣ. 2014ರ ಸೆಪ್ಟೆಂಬರ್‌ನಲ್ಲಿ ಸರ್ಬಿಯಾ ವಿರುದ್ಧದ ಡೇವಿಸ್ ಕಪ್ ಪಂದ್ಯ ಇದೇ ಕಬ್ಬನ್ ಪಾರ್ಕಿನಲ್ಲಿ ನಡೆಯಿತು. ಲಿಯಾಂಡರ್ ಪೇಸ್ ಜೊತೆ ಆಡಿದ ಡಬಲ್ಸ್‌ನಲ್ಲಿ ಮೊದಲ ಎರಡು ಸೆಟ್ ಹೋಯಿತು, ಆಮೇಲೆ ಮೂರನ್ನೂ ಗೆದ್ದರು. ಕೊನೆಯದು 8-6. ಪೇಸ್ ನೆಟ್ ಬಳಿ ಹಾರಿದಾಗಲೆಲ್ಲ ಸ್ಟ್ಯಾಂಡಿನಲ್ಲಿ ಗಲಾಟೆ. ಆ ಹಾರಾಟಕ್ಕೆ ದಾರಿ ಮಾಡಿಕೊಟ್ಟದ್ದು ಹಿಂದಿನಿಂದ ಬಂದ ಬೋಪಣ್ಣನ ಭಾರವಾದ ಸರ್ವ್. ಆತನ ತಿರುವಿನಲ್ಲಿ ಒಂದು ಸಾವಧಾನವಿತ್ತು, ದೊಡ್ಡ ಮೈ ಸುತ್ತಿಕೊಂಡು ಬಿಚ್ಚಿಕೊಳ್ಳಲು ತೆಗೆದುಕೊಳ್ಳುತ್ತಿದ್ದ ಸಮಯವದು. ಮಂಡಿಯ ಮೃದ್ವಸ್ಥಿ ಸವೆದುಹೋಗಿದೆ, ಅಯ್ಯಂಗಾರ್ ಯೋಗದಿಂದ ಸುಧಾರಿಸಿದೆ ಎಂದು ಆತನೇ ಹೇಳಿಕೊಂಡಿದ್ದಾನೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರ ಯೋಗವಿದು. ಅಂಥ ಮಂಡಿಯಲ್ಲೇ 2024ರಲ್ಲಿ, 43ನೇ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದು ಡಬಲ್ಸ್‌ನಲ್ಲಿ ವಿಶ್ವದ ನಂ. 1 ಆದ. ಕಾಲಿನ ಒದೆತಕ್ಕೆ ವಯಸ್ಸಾಗಿರಬಹುದು, ಮುಂಡದ ತಿರುವಿಗೆ ಆಗಿರಲಿಲ್ಲ ಎಂದೇ ನನ್ನ ವಾದ.

ಈ ತಿರುವಿನ ಯಂತ್ರ ಕೆಟ್ಟಾಗ ಏನಾಗುತ್ತದೆಂದು ತಿಳಿಯಲು ಅರಿನಾ ಸಬಲೆಂಕಾ ಇದ್ದಾಳೆ. 2022ರಲ್ಲಿ ಡಬಲ್ ಫಾಲ್ಟ್‌ಗಳ ಮಳೆ. ಅಡಿಲೇಡ್‌ನಲ್ಲಿ ಹತಾಶಳಾಗಿ ಅಂಡರ್‌ಆರ್ಮ್ ಸರ್ವ್ ಮಾಡಿದಳು. ಟಿವಿಯವರೆಲ್ಲ 'ಮನಸ್ಸಿನ ಸಮಸ್ಯೆ' ಎಂದು ಷರಾ ಬರೆದರು. ನಮ್ಮಲ್ಲಿ ಯಾರಿಗೆ ಏನೇ ಆದರೂ ಅದು ಮನಸ್ಸಿನ ಸಮಸ್ಯೆಯೇ! ಆಕೆ ಹೇಳುವಂತೆ ನೆರವಾದದ್ದು ಚಲನೆಯನ್ನು ಬಿಡಿಸಿ ತಿದ್ದಿಕೊಟ್ಟ ಬಯೋಮೆಕ್ಯಾನಿಕ್ಸ್ ತಜ್ಞ. 2023ರ ಆಸ್ಟ್ರೇಲಿಯನ್ ಓಪನ್ ಫೈನಲ್‌ನಲ್ಲಿ ಎಲೆನಾ ರಿಬಾಕಿನಾಳನ್ನು ಮೂರು ಸೆಟ್‌ಗಳಲ್ಲಿ ಸೋಲಿಸಿದಳು. ಈ ಒಂದು ಪಂದ್ಯವನ್ನು ಪೂರ್ತಿ ನೋಡಿ. ಸಬಲೆಂಕಾ ಮೈಯೆಲ್ಲ ಕೂಗುವಂತೆ ತಿರುಗುತ್ತಾಳೆ, ರಿಬಾಕಿನಾ ಮುಖದಲ್ಲಿ ಏನೂ ತೋರಿಸದೆ ಅಷ್ಟೇ ತಿರುಗುತ್ತಾಳೆ.

ಉಳಿದವು ಚುಟುಕಾಗಿ. ಎತ್ತರ: ಬೇಕು, ಆದರೆ 175 ಸೆಂ.ಮೀ. ಎತ್ತರದ ಸೆರೆನಾ ಮುಂದೆ ಆ ಮಾತು ಎತ್ತಬೇಡಿ. ಕಾಲು: ಫೆಡರರ್ ಎರಡು ಪಾದಗಳನ್ನೂ ದೂರ ಇಟ್ಟೇ ಹೊಡೆಯುತ್ತಿದ್ದ, ನಡಾಲ್ ಹಿಂಗಾಲನ್ನು ಮುಂಗಾಲಿನ ಬಳಿಗೆ ಎಳೆದುಕೊಳ್ಳುತ್ತಿದ್ದ. ಯಾವುದು ಮೇಲು ಎಂಬ ಜಗಳಕ್ಕೆ ನನಗೆ ಆಸಕ್ತಿಯಿಲ್ಲ. ಸರ್ವ್ ಇಲ್ಲದೆಯೂ ಟೆನಿಸ್ ಆಡಬಹುದೇ ಎಂದರೆ, ಮೆತ್ತನೆಯ ಸರ್ವ್‌ನ ರಾಮನಾಥನ್ ಕೃಷ್ಣನ್ 1960, 61ರಲ್ಲಿ ವಿಂಬಲ್ಡನ್ ಸೆಮಿಫೈನಲ್ ಆಡಿದ್ದಾರೆ. ಅವರ ಕೈಚಳಕ ಎಲ್ಲರಿಗೂ ಬರುವುದಿಲ್ಲ.

ಕೂರುವ ಜಾಗ ಮುಖ್ಯ. ನಡುವಿನ ದುಬಾರಿ ಸೀಟು ಬಿಡಿ. ಬೇಸ್‌ಲೈನಿನ ನೇರಕ್ಕೆ, ಆದಷ್ಟು ಕೆಳಗೆ ಕೂತರೆ ಭುಜದ ಉರುಳು ಕಾಣುತ್ತದೆ. ಸರ್ವರ್ ಹಿಂದೆ ಕೂತರೆ ಸೊಂಟ ಮೊದಲು ಹೊರಡುವುದು ಕಾಣುತ್ತದೆ. ಒಂದು ಸೆಟ್ ಅಲ್ಲಿ, ಒಂದು ಸೆಟ್ ಇಲ್ಲಿ. ಟಿವಿಯಲ್ಲಾದರೆ ನಿಧಾನಗತಿಯ ಮರುಪ್ರಸಾರ ಬರುವವರೆಗೆ ಕಾಯಿರಿ, ಬಂದಾಗ ಚೆಂಡನ್ನು ಬಿಟ್ಟುಬಿಡಿ.

ಇಷ್ಟಾದ ಮೇಲೆ ಪಕ್ಕದವರೊಂದಿಗೆ ಪಣ ಕಟ್ಟಬಹುದು. ಬೋರಿಸ್ ಬೆಕರ್ ಸರ್ವ್‌ಗೆ ಮೊದಲು ನಾಲಗೆಯನ್ನು ಯಾವ ಕಡೆ ಚಾಚುತ್ತಿದ್ದನೋ ಅದರ ಮೇಲೆ ಚೆಂಡಿನ ದಿಕ್ಕು ತಿಳಿಯುತ್ತಿತ್ತು ಎಂದು ಆಂಡ್ರೆ ಅಗಾಸಿ ನಿವೃತ್ತಿಯ ನಂತರ ಬಾಯಿಬಿಟ್ಟ. ನಮಗೆ ಸ್ಟ್ಯಾಂಡಿನಿಂದ ನಾಲಗೆ ಕಾಣುವುದಿಲ್ಲ, ಬೆನ್ನು ಕಾಣುತ್ತದೆ. ಎದೆ ಪಕ್ಕಕ್ಕೇ ಉಳಿದು ಟಾಸ್ ತಲೆಯ ಮೇಲಕ್ಕೆ ಹೋದರೆ ಕಿಕ್ ಎನ್ನಿ, ಚೆಂಡು ನೆಲ ಮುಟ್ಟುವ ಮೊದಲು ಎನ್ನಿ. ಸೋತವರು ಕಾಫಿ ಕೊಡಿಸಬೇಕು. ಸಾಂಪ್ರಾಸ್‌ನ ಹಳೆಯ ಪಂದ್ಯ ಹಾಕಿಕೊಂಡು ಮಾತ್ರ ಈ ಪಣ ಕಟ್ಟಬೇಡಿ, ಜೇಬು ಖಾಲಿಯಾಗುತ್ತದೆ.