ನಮ್ಮೂರಿನ ಸುದ್ದಿ ಹೇಳುವವರಾರು?

ಬೀದರ್ ಜಿಲ್ಲೆಯ ಮನ್ನಾಏಖೇಳ್ಳಿ ಹೈದರಾಬಾದ್-ಸೊಲ್ಲಾಪುರ ಹೆದ್ದಾರಿಯ ಊರು. ಇಲ್ಲಿಗೆ ಕನ್ನಡ ವಾಹಿನಿಗಳ ಸುದ್ದಿ ಬೆಂಗಳೂರಿನಿಂದ ಬರುತ್ತದೆ. 1949ರಲ್ಲಿ ಆರಂಭವಾದ 'ಸಿಯಾಸತ್'ನಂತಹ ಉರ್ದು ಪತ್ರಿಕೆಗಳು ಹೈದರಾಬಾದಿನವು. ಹಿಂದಿ ವಾಹಿನಿಗಳು ದಿಲ್ಲಿಯವು. ಮೂರು ರಾಜಧಾನಿಗಳು ಮಾತಾಡುತ್ತವೆ, ಊರು ಕೇಳುತ್ತದೆ. ಆದರೆ ಊರು ಮಾತಾಡುವುದು ಯಾವಾಗ?

ಮಾಧ್ಯಮ ಈ ಸೀಮೆಗೆ ಹೊಸದಲ್ಲ. ಕಲಬುರಗಿ ಆಕಾಶವಾಣಿ 1966ರಲ್ಲೇ ಆರಂಭವಾಯಿತು. 1975-76ರ ಉಪಗ್ರಹ ಪ್ರಯೋಗದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಟಿವಿ ಕಂಡವು. ಗುಲ್ಬರ್ಗಕ್ಕೆ ದೂರದರ್ಶನ ಬಂದದ್ದು 1977ರಲ್ಲಿ, ಬೆಂಗಳೂರಿಗೆ 1981ರಲ್ಲಿ! ಹೀಗೆ ಮುಂದಿದ್ದ ಸೀಮೆ ಇಂದು ಅಪರಾಧ, ಬರ, ಚುನಾವಣೆಗಳ ಹೊತ್ತಿನಲ್ಲಷ್ಟೇ ಪರದೆಯ ಮೇಲೆ ಕಾಣಿಸಿಕೊಳ್ಳುತ್ತದೆ.

ಇದರಿಂದಾಗುವ ನಷ್ಟ ಸಣ್ಣದಲ್ಲ. 2018ರ ಜುಲೈ 13ರಂದು ಇದೇ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಯನ್ನು ನಂಬಿದ ಗುಂಪು ಹೈದರಾಬಾದಿನ ಯುವ ಇಂಜಿನಿಯರೊಬ್ಬರನ್ನು ಹೊಡೆದು ಕೊಂದಿತು. ಆಗ ದೇಶದ ಕ್ಯಾಮೆರಾಗಳೆಲ್ಲ ಓಡಿ ಬಂದವು. ಆದರೆ ಅಂಥ ವದಂತಿಗಳು ವಾರಗಟ್ಟಲೆ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದ್ದಾಗ, 'ಇದು ಸುಳ್ಳು' ಎಂದು ಜನ ನಂಬುವ ದನಿಯಲ್ಲಿ ಹೇಳಲು ಆ ಹಳ್ಳಿಯ ಬಳಿ ಯಾವ ಮಾಧ್ಯಮವಿತ್ತು?

2020ರಲ್ಲಿ ಬೀದರಿನ ಶಾಲೆಯೊಂದರ ಮಕ್ಕಳ ನಾಟಕದ ಮೇಲೆ ದೇಶದ್ರೋಹದ ಪ್ರಕರಣ ದಾಖಲಾಯಿತು. ಅದು ರಾಷ್ಟ್ರೀಯ ಸುದ್ದಿಯಾಯಿತು. 2023ರ ಜೂನ್‌ನಲ್ಲಿ ಹೈಕೋರ್ಟ್ ಆ ಪ್ರಕರಣವನ್ನು ರದ್ದುಪಡಿಸಿತು. ಆರೋಪ ಕೇಳಿದವರಲ್ಲಿ ಎಷ್ಟು ಮಂದಿಗೆ ತೀರ್ಪೂ ತಲುಪಿತು?

ಪುಟ್ಟ ದೇಶ ಐರ್ಲೆಂಡನ್ನು ನೋಡಿ. ಐರಿಷ್ ಭಾಷೆಯ ಹಳ್ಳಿಗಾಡಿಗೆಂದೇ ಅಲ್ಲಿ 1972ರಲ್ಲಿ ರೇಡಿಯೋ ಆರಂಭವಾಯಿತು. ಖಾಸಗಿ ಸ್ಥಳೀಯ ರೇಡಿಯೋಗಳಿಗೆ ಅವಕಾಶ ಕೊಟ್ಟ 1988ರ ಕಾಯ್ದೆ, ಪ್ರಸಾರದ ಶೇ. 20ರಷ್ಟು ಸಮಯ ಸುದ್ದಿ ಮತ್ತು ಪ್ರಚಲಿತ ವಿಚಾರಗಳಿಗೆ ಮೀಸಲಿರಬೇಕೆಂದು ವಿಧಿಸಿತು. ಅಲ್ಲಿ ಸುದ್ದಿ ಹೇಳುವುದು ಪರವಾನಗಿಯ ಷರತ್ತು. ನಮ್ಮಲ್ಲಿ ಖಾಸಗಿ ಎಫ್‌.ಎಂ.ಗಳು ಬಂದ ದಿನದಿಂದ ಸುದ್ದಿ ಹೇಳದಿರುವುದೇ ಷರತ್ತು! ಸಿನಿಮಾ ಹಾಡು ಎಷ್ಟು ಬೇಕಾದರೂ ಹಾಕಬಹುದು, ಊರಿನ ಕೆರೆ ಬತ್ತಿದ್ದನ್ನು ಸುದ್ದಿಯಾಗಿ ಓದುವಂತಿಲ್ಲ.

ಉಳಿದಿರುವುದು ಪತ್ರಿಕೆಗಳ ತಾಲೂಕು ವರದಿಗಾರರು. ಅವರಲ್ಲಿ ಅನೇಕರಿಗೆ ಸಿಗುವುದು ಪುಡಿಗಾಸು. ಸುದ್ದಿಯ ಜೊತೆ ಜಾಹೀರಾತನ್ನೂ ಅವರೇ ತರಬೇಕು. ಜಾಹೀರಾತು ಕೊಡುವ ಮುಖಂಡನ ವಿರುದ್ಧ ಅವರು ಹೇಗೆ ಬರೆದಾರು?

ತಪ್ಪು ಮಾಧ್ಯಮಗಳದ್ದು ಮಾತ್ರವೇ? ದಿಲ್ಲಿಯ ಚರ್ಚೆಯನ್ನು ಮಧ್ಯರಾತ್ರಿಯವರೆಗೆ ನೋಡುವ ನಾವು, ನಮ್ಮ ಪಂಚಾಯತಿಯ ವರದಿ ಬಂದ ಪುಟವನ್ನು ತಿರುವಿ ಹಾಕುತ್ತೇವೆ. ಯಾರು ಬರೆದರೆಂದು ಕೇಳದೆ ಸಂದೇಶಗಳನ್ನು ಮುಂದಕ್ಕೆ ಕಳಿಸುತ್ತೇವೆ. ಮುರ್ಕಿಯಲ್ಲಿ ಆದದ್ದು ನಾಳೆ ನಮ್ಮೂರಿನಲ್ಲಿ ಆಗಬಾರದೆಂದಾದರೆ, ಸ್ಥಳೀಯ ರೇಡಿಯೋಗೆ ಸುದ್ದಿಯ ಹಕ್ಕನ್ನೂ ವರದಿಗಾರನಿಗೆ ಬದುಕುವಷ್ಟು ಸಂಬಳವನ್ನೂ ಕೇಳಬೇಕಾದವರು ನಾವೇ.