ಒಂದು ‘ಹೂಂ’ ಮತ್ತು ಒಂದು ‘ಏನಿಲ್ಲ’

ಆಫೀಸಿನ ಮಟ್ಟಿಗೆ ನಾನು ಮೆಸೇಜ್ ಪಾರ್ಟಿ. ವಿಳಾಸ, ಅಕೌಂಟ್ ನಂಬರುಗಳನ್ನ ಫೋನಲ್ಲಿ ಒದರೋರನ್ನ ಕಂಡ್ರೆ ಈಗಲೂ ಮೈ ಉರಿಯುತ್ತೆ. ನನ್ನ ತಕರಾರಿರೋದು ಅದೇ ಅಭ್ಯಾಸವನ್ನ ಮನೆಯೊಳಕ್ಕೂ ತಂದುಕೊಂಡಿದ್ದರ ಬಗ್ಗೆ.

ನಮ್ಮ ‘ಹೂಂ’ ತಗೊಳ್ಳಿ. ಎಳೆದರೆ ಅನುಮಾನ, ತುಂಡಾಗಿ ಅಂದರೆ ಸಿಟ್ಟು, ಮೆಲ್ಲಗೆ ಅಂದರೆ ಒಪ್ಪಿಗೆ. (ಮದುವೆಯಾದವರಿಗೆ ಇನ್ನೂ ನಾಲ್ಕು ಗೊತ್ತಿರುತ್ತೆ.) ವಾಟ್ಸಾಪಲ್ಲಿ ಇವೆಲ್ಲ ಸೇರಿ ಒಂದೇ ಅಕ್ಷರ. 2014ರಲ್ಲಿ ಬಂದ ನೀಲಿ ಟಿಕ್ಕು ಓದಿದ್ದಾರೆ ಅಂತ ಹೇಳುತ್ತೆ. ಓದಿದಾಗ ಮುಖ ಹೇಗಾಯ್ತು ಅಂತ ಹೇಳಲ್ಲ.

ಹೋದ ವರ್ಷ ಅಮ್ಮ ಫೋನ್ ಮಾಡಿದಾಗ ಮೀಟಿಂಗಲ್ಲಿದ್ದೆ. ಕಟ್ ಮಾಡಿ ‘ಮೆಸೇಜ್ ಹಾಕಮ್ಮ’ ಅಂತ ಬರೆದೆ. ‘ಏನಿಲ್ಲ, ಹೊತ್ತಿಗೆ ಸರಿಯಾಗಿ ಊಟ ಮಾಡು’ ಅಂತ ಬಂತು. ಹೆಬ್ಬೆರಳಿನ ಇಮೋಜಿ ಒತ್ತಿ ಸುಮ್ಮನಾದೆ. ಅಪ್ಪನಿಗೆ ಎದೆನೋವು ಬಂದು, ಅವಳು ಆಸ್ಪತ್ರೆ ಬೆಂಚಿನ ಮೇಲೆ ಕೂತು ಅದನ್ನ ಟೈಪ್ ಮಾಡಿದ್ದಳು ಅಂತ ಚಿಕ್ಕಪ್ಪನಿಂದ ಗೊತ್ತಾಗಿದ್ದು ಮಾರನೇ ದಿನ. ಫೋನ್ ಎತ್ತಿದ್ದಿದ್ದರೆ ಆ ‘ಏನಿಲ್ಲ’ದಲ್ಲೇ ಸಿಕ್ಕಿಬೀಳ್ತಿದ್ದಳು.

ಅಪ್ಪ ಈಗ ಹುಷಾರಾಗಿದ್ದಾರೆ. ಅಮ್ಮ ಮಾತ್ರ ಇವತ್ತಿಗೂ ಫೋನ್ ಮಾಡೋ ಮುಂಚೆ ‘ಫ್ರೀ ಇದ್ದೀಯಾ?’ ಅಂತ ಮೆಸೇಜ್ ಹಾಕ್ತಾಳೆ.