ಸೂಳೆಕೆರೆಯ ಐತಿಹ್ಯವೂ ಮಾರ್ಗದರ್ಶಕರ ಕಥನವೂ

ಪ್ರಾಚೀನಸ್ಥಳಗಳಿಗೆ ಜನರನ್ನು ಕರೆದೊಯ್ದು, ಕಂಬವನ್ನೋ ಕಲ್ಲನ್ನೋ ತೋರಿಸಿ, ಅದರ ಕಥೆಯನ್ನು ಹೇಳುವುದು ಈಗ ಒಂದು ವೃತ್ತಿಯೇ ಆಗಿದೆ. ಹೀಗೆ ಹೇಳುವ ಮಾತಿಗೂ ವಸ್ತುವುಂಟು, ನಾಯಕನುಂಟು, ಶ್ರೋತೃಗಳಿಗೆ ತಕ್ಕ ಅಲಂಕಾರವುಂಟು. ಆದುದರಿಂದ ಅದನ್ನು ಸಾಹಿತ್ಯದ ಒಂದು ಪ್ರಭೇದವೆಂದೆಣಿಸಿ ಗುಣದೋಷಗಳನ್ನು ವಿವೇಚಿಸುವುದು ಅನುಚಿತವಲ್ಲ. ಹಂಪೆ ಬನವಾಸಿಗಳ ದೊಡ್ಡ ಉತ್ಸವಗಳ ಮಾತು ಬೇರೆ. ಅಲ್ಲಿ ವಾದ್ಯಘೋಷದ ನಡುವೆ ಕಥೆಗೆ ಎಡೆಯೇ ಕಡಮೆ. ಹತ್ತಿಪ್ಪತ್ತು ಮಂದಿ ಹುಡುಗರು ಉಪಾಧ್ಯಾಯರ ಸುತ್ತ ನಿಂತು ಕೇಳುವ ಕಥೆಯೇ ಮನಸ್ಸಿನಲ್ಲಿ ಬೇರೂರತಕ್ಕದ್ದು.

ಹೊನ್ನಾಳಿ ಸೀಮೆಯ ಗೋವಿನಕೋವಿಯಂತಹ ಊರುಗಳ ಪಾಠಶಾಲೆಗಳವರು ಒಂದು ದಿನದಲ್ಲಿ ಹೋಗಿಬರಬಹುದಾದ ಸ್ಥಳಗಳಲ್ಲಿ ಚನ್ನಗಿರಿ ಕಡೆಯ ಸೂಳೆಕೆರೆ ಮುಖ್ಯವಾದುದು. ಹೊನ್ನಾಳಿ, ಚನ್ನಗಿರಿಗಳ ಶಾಸನಗಳನ್ನು ರೈಸ್ ಸಾಹೇಬರು 1902ರಲ್ಲಿಯೇ ಎಪಿಗ್ರಾಫಿಯಾ ಕರ್ಣಾಟಿಕದ 7ನೆಯ ಸಂಪುಟದಲ್ಲಿ ಪ್ರಕಟಿಸಿದರು. ಆದರೂ ಕೆರೆಯ ಏರಿಯ ಮೇಲೆ ಕೇಳಬರುವುದು ಶಾಸನವಲ್ಲ, ಐತಿಹ್ಯ. ಇದರಲ್ಲಿ ದೋಷವೇನೂ ಇಲ್ಲ. ಆದರೆ ಐತಿಹ್ಯವನ್ನು ಹೇಳುವವರು ಅದನ್ನು ಪೂರ್ತಿಯಾಗಿ ಹೇಳಬೇಕು, ಆಕ್ಷೇಪವಿರುವುದು ಇಲ್ಲಿಯೇ.

ಜನರು ಹೇಳುವ ಕಥೆಗೆ ಪಾಠಾಂತರಗಳು ಹಲವು. ಅವುಗಳಲ್ಲಿ ಬಹುವಾಗಿ ಹಬ್ಬಿರುವುದು ಇದು: ರಾಜಪುತ್ರಿಯೊಬ್ಬಳು ತನ್ನ ಮೇಲೆ ಬಂದ ಅಪವಾದಕ್ಕೆ ಪ್ರಾಯಶ್ಚಿತ್ತವಾಗಿ ಕೆರೆಯನ್ನು ಕಟ್ಟಿಸಲು ಸಂಕಲ್ಪಿಸಿದಳು. ಕೆರೆಗೆ ತಕ್ಕ ನೆಲದಲ್ಲಿ ಸೂಳೆಯರ ಮನೆಗಳಿದ್ದುವು. ಅವರು ನೆಲವನ್ನು ಬಿಟ್ಟುಕೊಡಲು ಒಪ್ಪಿದರು. ಆದರೆ ಕೆರೆಗೆ ತಮ್ಮ ಹೆಸರೇ ನಿಲ್ಲಬೇಕೆಂದು ಕರಾರು ಮಾಡಿದರು. ರಾಜಪುತ್ರಿ ಮಾತು ಕೊಟ್ಟಳು, ಕೆರೆಯಾಯಿತು. ಕಥೆಯ ಜೀವವಿರುವುದು ರಾಜಪುತ್ರಿಯ ಪಶ್ಚಾತ್ತಾಪದಲ್ಲಿ ಅಲ್ಲ, ಈ ಕರಾರಿನಲ್ಲಿ. ಪಶ್ಚಾತ್ತಾಪದಿಂದ ಕೆರೆ ಕಟ್ಟಿಸಿದವರ ಕಥೆ ಎಲ್ಲಿಯಾದರೂ ಹುಟ್ಟಬಹುದು. ಮನೆಯನ್ನು ಕೊಟ್ಟು ಹೆಸರನ್ನು ಕೊಂಡವರ ಕಥೆ ಅಪೂರ್ವ. ‘ಕೆರೆಗೆ ಹಾರ’ವೆಂಬ ಪ್ರಸಿದ್ಧವಾದ ಜನಪದಗೀತವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಅಲ್ಲಿ ಕಿರಿಯ ಸೊಸೆ ಭಾಗೀರಥಿಯನ್ನು ಆಹುತಿಯಾಗಿ ಆರಿಸುವವರು ಹಿರಿಯರು. ಅವಳನ್ನು ಯಾರೂ ಕೇಳುವುದಿಲ್ಲ. ಇಲ್ಲಿ ಹೆಂಗಸರನ್ನು ಕೇಳಬೇಕಾಯಿತು, ಅವರು ಬೆಲೆಯನ್ನೂ ಹೇಳಿದರು.

ಇಂತಹ ಕೆರೆಗೆ ಈಗ ಶಾಂತಿಸಾಗರವೆಂಬ ಹೆಸರು ಕಾಗದಪತ್ರಗಳಲ್ಲಿ ರೂಢಿಯಾಗಿದೆ. ಶ್ರುತಿಮಧುರವಾದ ಹೆಸರೇ ಸರಿ. ಆದರೆ ಈ ಹೆಸರಿನೊಡನೆ ಕಥೆ ಹೇಳಹೊರಟ ಮಾರ್ಗದರ್ಶಕನು ರಾಜಪುತ್ರಿಯನ್ನು ಉಳಿಸಿಕೊಂಡು ಉಳಿದವರನ್ನು ಬಿಡಬೇಕಾಗುತ್ತದೆ. ಕರಾರನ್ನು ಹೇಳಿದರೆ ಅದು ಮುರಿದುದನ್ನೂ ಹೇಳಬೇಕಷ್ಟೆ. ಹೀಗೆ ಬರಿದಾದ ಎಡೆಯನ್ನು ಏಷ್ಯಾಖಂಡದಲ್ಲಿಯೇ ಎರಡನೆಯ ದೊಡ್ಡ ಕೆರೆಯೆಂಬ ಬಿರುದಿನಿಂದ ತುಂಬುವುದು ವಾಡಿಕೆ. ಎರಡು ಗುಡ್ಡಗಳ ನಡುವಣ ಕಂಡಿಯನ್ನು ಕಂಡು ಅಲ್ಲಿಯೇ ಏರಿ ಹಾಕಿದವರ ಬುದ್ಧಿಯನ್ನೂ, ಇಲ್ಲಿಂದ ಹೊರಟ ಹರಿದ್ರೆಯು ಹರಿಹರದಲ್ಲಿ ತುಂಗಭದ್ರೆಯನ್ನು ಸೇರುವುದನ್ನೂ ತೋರಿಸಿದ್ದರೆ ಆ ಬಿರುದು ಬೇಕಾಗುತ್ತಿರಲಿಲ್ಲ.

ಮಕ್ಕಳ ಮುಂದೆ ಆ ಪದವನ್ನು ಉಚ್ಚರಿಸುವುದೆಂತು ಎಂದು ಉಪಾಧ್ಯಾಯರು ಸಂಕೋಚಪಡುವುದು ಸಹಜ. ಸಂಕೋಚವು ಇಂದಿನದು, ಪದವು ಹಳೆಯದು. ಬಾದಾಮಿಯ ಸಮೀಪದ ಮಹಾಕೂಟದಲ್ಲಿ ಚಾಲುಕ್ಯ ವಿಜಯಾದಿತ್ಯನ (696–733) ಪ್ರಾಣವಲ್ಲಭೆಯಾದ ವಿನಾಪೋಟಿಯ ಶಾಸನವಿದೆ. ದೇವರಿಗೆ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಕೊಡೆಯನ್ನೂ ಭೂಮಿಯನ್ನೂ ಕೊಟ್ಟ ಆಕೆಯನ್ನು ಶಾಸನವು ಸೂಳೆಯೆಂದೇ ಕರೆಯುತ್ತದೆ, ಗೌರವದ ಬಹುವಚನದಲ್ಲಿ ಕರೆಯುತ್ತದೆ. ಅವಳ ತಾಯಿ ಅಜ್ಜಿಯರ ಹೆಸರುಗಳಿಗೂ ಅದೇ ಗೌರವ ಸಂದಿದೆ. ಹನ್ನೆರಡನೆಯ ಶತಮಾನದ ಶರಣೆಯರಲ್ಲಿ ಸೂಳೆ ಸಂಕವ್ವೆಯ ಹೆಸರನ್ನು ಅರಿಯದ ಸಾಹಿತ್ಯೋಪಾಧ್ಯಾಯರಿಲ್ಲ. ಉಳಿದು ಬಂದಿರುವುದು ಒಂದೇ ವಚನವಾದರೂ ‘ನಿರ್ಲಜ್ಜೇಶ್ವರ’ನೆಂಬ ಅವಳ ಅಂಕಿತವೇ ಈ ಸಂಕೋಚಕ್ಕೆ ಸಾಕಾದ ಉತ್ತರ. ತರಗತಿಯಲ್ಲಿ ಸಂಕವ್ವೆಯ ಹೆಸರನ್ನು ಓದಿಸುವವರು ಕೆರೆಯ ದಂಡೆಯಲ್ಲಿ ಬಾಯಿ ಮುಚ್ಚಿಕೊಳ್ಳುವುದು ವಿಚಿತ್ರವಾಗಿ ತೋರುತ್ತದೆ.

ಸ್ಥಳಕಥನದಲ್ಲಿ ಇಂತಹ ಲೋಪ ನಮ್ಮವರಲ್ಲಿ ಮಾತ್ರ ಕಂಡುಬರುವುದಲ್ಲ. ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಹಳೆಯ ಶ್ರೀಮಂತರ ಮನೆಗಳನ್ನೂ ತೋಟಗಳನ್ನೂ ಕಾಯ್ದು ಜನರಿಗೆ ತೋರಿಸುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ 1895ರಲ್ಲಿ ಹುಟ್ಟಿತು. ಅಂಥ ಮನೆಗಳಲ್ಲಿ ಚಿತ್ರಪಟ, ಪಿಂಗಾಣಿ, ವಂಶಾವಳಿಗಳ ಮಾತು ಬಹುಕಾಲ ನಡೆಯಿತು. ಮನೆಯನ್ನು ಕಟ್ಟಿದ ಹಣ ಎಲ್ಲಿಂದ ಬಂದಿತೆಂಬ ಮಾತು ಅಪರೂಪವಾಗಿತ್ತು. 2020ರಲ್ಲಿ ಆ ಸಂಸ್ಥೆಯೇ ತನ್ನ ವಶದ 93 ಸ್ಥಳಗಳಿಗೆ ವಸಾಹತುಗಳೊಡನೆಯೂ ಗುಲಾಮರ ವ್ಯಾಪಾರದೊಡನೆಯೂ ಇದ್ದ ಸಂಬಂಧವನ್ನು ಒಂದು ವರದಿಯಲ್ಲಿ ಪ್ರಕಟಿಸಿತು. ಇದರಿಂದ ದೊಡ್ಡ ವಾಗ್ವಾದವೆದ್ದಿತು. ಅದೇ ಸಂಸ್ಥೆಯ ವಶದಲ್ಲಿರುವ ವೇಲ್ಸಿನ ಪೋವಿಸ್ ಕೋಟೆಯಲ್ಲಿ ಟಿಪ್ಪು ಸುಲ್ತಾನನ ಡೇರೆಯಿದೆ, ಅವನ ಸಿಂಹಾಸನದ ಚಿನ್ನದ ಹುಲಿಮುಖವಿದೆ. ಶ್ರೀರಂಗಪಟ್ಟಣವನ್ನು ಬಿಟ್ಟು ಅವುಗಳ ಕಥೆಯನ್ನು ಹೇಳುವುದು, ಕರಾರನ್ನು ಬಿಟ್ಟು ಸೂಳೆಕೆರೆಯ ಕಥೆಯನ್ನು ಹೇಳಿದಂತೆಯೇ ಸರಿ.

ಇವೆರಡಕ್ಕೂ ಒಂದು ಭೇದವುಂಟು. ಅಲ್ಲಿ ಮುಚ್ಚಿಹೋದುದನ್ನು ತೆಗೆಯಲು ಲೆಕ್ಕಪತ್ರಗಳನ್ನು ಶೋಧಿಸಬೇಕಾಯಿತು. ಇಲ್ಲಿ ಸತ್ಯಾಂಶವು ಸುತ್ತಣ ಊರುಗಳ ಬಾಯಲ್ಲಿಯೇ ಇದೆ. ಗದ್ದೆಗೆ ನೀರು ಕಟ್ಟುವವನು ಈಗಲೂ ಸೂಳೆಕೆರೆಯೆಂದೇ ಅನ್ನುತ್ತಾನೆ. ಅವನಿಗೆ ಆ ಮಾತಿನಲ್ಲಿ ಬೈಗುಳವೇನೂ ಕೇಳಿಸುವುದಿಲ್ಲ. ಏರಿಯ ಮೇಲೆ ಮಕ್ಕಳನ್ನು ನಿಲ್ಲಿಸಿದ ಉಪಾಧ್ಯಾಯರು ವಿಸ್ತೀರ್ಣವನ್ನು ಹೇಳುವುದಕ್ಕೆ ಮುಂಚೆ, ಈ ನೀರಿನಡಿಯ ನೆಲ ಯಾರದಾಗಿತ್ತೆಂದು ಜನರು ಹೇಳುತ್ತಾರೆ, ಅದಕ್ಕೆ ಅವರು ಕೇಳಿದ ಬೆಲೆಯೇನು ಎಂಬೆರಡು ಪ್ರಶ್ನೆಗಳನ್ನು ಹಾಕಿದರೆ, ಆ ಹಳ್ಳಿಗಳಿಂದಲೇ ಬಂದ ಹುಡುಗರಲ್ಲಿ ಯಾರಾದರೊಬ್ಬರು ಉತ್ತರ ಹೇಳಿಯಾರು.